ತಪವೋ, ಅರತಿಯೋ? – ವೃದ್ಧ ಶ್ರಾವಿಕೆಯರ ಖಿನ್ನತೆಯನ್ನು ಕುರಿತು

ಉಪವಾಸವೆಂಬ ಪದಕ್ಕೆ ಆಚಾರ್ಯರು ಹೇಳಿದ ಅರ್ಥವು ಶ್ರಾವಕರ ಮನೆಗಳಲ್ಲಿ ಬಹುಮಂದಿಗೆ ತಿಳಿದದ್ದೇ ಆಗಿದೆ. ಇಂದ್ರಿಯಗಳು ತಮ್ಮ ತಮ್ಮ ವಿಷಯಗಳಿಂದ ಹಿಂದೆ ಸರಿದು ಆತ್ಮನ ಸಮೀಪದಲ್ಲಿ ನೆಲೆಸುವುದೇ ಉಪವಾಸ. ಆಹಾರದೊಡನೆ ವಿಷಯವನ್ನೂ ಕಷಾಯವನ್ನೂ ಬಿಟ್ಟಾಗ ಮಾತ್ರ ಅದು ಆ ಹೆಸರಿಗೆ ಯೋಗ್ಯವಾಗುತ್ತದೆ. ಆಹಾರವೊಂದನ್ನೇ ಬಿಟ್ಟರೆ ಅದು ಲಂಘನವೆನಿಸಿಕೊಳ್ಳುತ್ತದೆ. ಆದರೆ ಈ ಎರಡಕ್ಕೂ ಸೇರದ ಮೂರನೆಯದೊಂದು ಉಂಟು. ಮನಸ್ಸು ಕುಗ್ಗಿಹೋಗಿ, ನಾಲಗೆಗೆ ರುಚಿ ತಪ್ಪಿ, ಬದುಕಿನಲ್ಲಿ ಯಾವುದರ ಮೇಲೂ ಆಸೆಯಿಲ್ಲದಂತಾಗಿ, ಉಣ್ಣಲಾರದ ವ್ಯಕ್ತಿಯು ತನಗೆ ಇಂದು ಉಪವಾಸವೆಂದು ಹೇಳಿ ಸುಮ್ಮನಾಗುವುದು. ಅಂಥ ಸ್ಥಿತಿಗೆ ಮನೆಯವರು ಏನೆಂದು ಹೆಸರಿಡಬೇಕು? ಅದನ್ನು ವ್ರತವೆಂದು ಗೌರವಿಸಬೇಕೋ, ರೋಗವೆಂದು ತಿಳಿದು ಉಪಚರಿಸಬೇಕೋ? ಈ ಪ್ರಶ್ನೆಯು ವೃದ್ಧ ಸ್ತ್ರೀಯರ ವಿಷಯದಲ್ಲಿ ವಿಶೇಷವಾಗಿ ಏಳುತ್ತದೆ. ವ್ರತ, ನೋಂಪಿ, ಉಪವಾಸಗಳ ಭಾರವನ್ನು ಮನೆಮನೆಯಲ್ಲಿಯೂ ಹೊತ್ತು ಬಂದವರು ಅವರೇ.

ಹೇಮಾವತಿ ನದಿಯು ಹುಟ್ಟುವ ಜಾವಳಿಯ ಸುತ್ತಣ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೂಡಿಗೆರೆ, ಕಳಸಗಳ ಈ ಮಲೆಗಳಿಗೆ ಜೈನಧರ್ಮದ ಸಂಬಂಧ ಇಂದು ನಿನ್ನೆಯದಲ್ಲ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಎಂದರೆ ಇಂದಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿನ ಪ್ರಾಚೀನ ಬಸದಿಗಳು ಸುದತ್ತಮುನಿಗಳ ನೆನಪನ್ನು ತರುತ್ತವೆ. 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ನಿಲ್ಲಿಸಿದ ಭೈರರಸರ ವಂಶವು ಘಟ್ಟದ ಮೇಲಣ ಕಳಸವನ್ನೂ ಆಳಿತು. ಇಂದು ಇಲ್ಲಿನ ಮನೆಗಳು ಕಾಫಿ ತೋಟಗಳ ನಡುವೆ ಒಂದಕ್ಕೊಂದು ದೂರದೂರವಾಗಿ ಹರಡಿಕೊಂಡಿವೆ. ಒಂದು ಮನೆಯ ಕೂಗು ಇನ್ನೊಂದು ಮನೆಗೆ ಕೇಳಿಸುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಜನರಿರುತ್ತಾರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದರೆ ಅಂಗಳಕ್ಕೆ ಕಾಲಿಡುವಂತಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಈ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು, ಚಾರ್ಮಾಡಿ ಘಟ್ಟದ ರಸ್ತೆ ಮುಚ್ಚಿದುದನ್ನು ಯಾರೂ ಮರೆತಿಲ್ಲ. ಮಕ್ಕಳು ಓದಿ ಬೆಂಗಳೂರು, ಮಂಗಳೂರು, ಅದರಾಚೆಯ ದೇಶಗಳಿಗೂ ಹೋದ ಮೇಲೆ ದೊಡ್ಡ ತೊಟ್ಟಿಮನೆಯಲ್ಲಿ ಒಬ್ಬಿಬ್ಬರು ಹಿರಿಯರು ಉಳಿಯುತ್ತಾರೆ. ಪತಿಯು ಮೊದಲು ತೀರಿಕೊಂಡರೆ ಉಳಿಯುವುದು ತಾಯಿಯೊಬ್ಬಳೇ.

ಚಾತುರ್ಮಾಸದ ಕಾಲವೂ ಇದೇ. ಆಷಾಢದ ಅಷ್ಟಾಹ್ನಿಕದಿಂದ ಮೊದಲಾಗಿ ಭಾದ್ರಪದದ ದಶಲಕ್ಷಣ ಪರ್ವ, ಅನಂತ ಚತುರ್ದಶಿಗಳವರೆಗೆ ನೋಂಪಿಗಳ ಸಾಲು ಬರುತ್ತದೆ. ವರ್ಷದಲ್ಲಿ ಒಂಟಿತನವು ಅತಿ ಹೆಚ್ಚಾಗುವ ಕಾಲ ಹಾಗೂ ಉಪವಾಸಗಳು ಅತಿ ಹೆಚ್ಚಾಗುವ ಕಾಲ ಈ ಮಲೆಗಳಲ್ಲಿ ಒಂದೇ ಆಗಿದೆ. ಹೀಗಿರುವುದರಿಂದ ಒಂದರ ನೆರಳಿನಲ್ಲಿ ಇನ್ನೊಂದು ಕಾಣದೆ ಹೋಗುವ ಸಂಭವವೂ ಇಲ್ಲಿ ಹೆಚ್ಚು.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಎಪ್ಪತ್ತರ ಸಮೀಪದ ತಾಯಿ. ಗಂಡ ತೀರಿಕೊಂಡು ಎರಡು ವರ್ಷ. ಮೊದಲು ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿದ್ದವಳು ಈಗ ವಾರಕ್ಕೆ ಮೂರು ದಿನ ಏಕಭುಕ್ತವೆನ್ನುತ್ತಾಳೆ. ಬೆಲ್ಲ ಬಿಟ್ಟಳು, ತುಪ್ಪ ಬಿಟ್ಟಳು, ಹಾಲು ಬಿಟ್ಟಳು. ಸಂತೆಗೆ, ಮದುವೆಗೆ, ಪಕ್ಕದ ತೋಟದ ಮನೆಗೆ ಹೋಗುವುದನ್ನೂ ನಿಲ್ಲಿಸಿದಳು. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗಿ ಕತ್ತಲಲ್ಲಿ ಕುಳಿತಿರುತ್ತಾಳೆ. ದೂರದಿಂದ ಮಾತಾಡುವ ಮಗನಿಗೆ, "ನನ್ನ ಯೋಚನೆ ಬಿಡಪ್ಪ, ನನ್ನದೆಲ್ಲ ಮುಗಿಯಿತು" ಎಂದಿಷ್ಟೇ ಹೇಳುತ್ತಾಳೆ. ಬಂದ ನೆಂಟರು, "ಅತ್ತೆಮ್ಮನವರು ಈಗ ಪೂರ್ತಿ ಧರ್ಮದಲ್ಲೇ ಇದ್ದಾರೆ, ಪುಣ್ಯವಂತರು" ಎಂದು ಕೈಮುಗಿದು ಹೋಗುತ್ತಾರೆ. ಮನೆಯವರಿಗೆ ಹೆಮ್ಮೆ. ಆಕೆಗೆ ಏನಾಗಿದೆಯೆಂದು ಕೇಳಿದವರು ಮಾತ್ರ ಯಾರೂ ಇಲ್ಲ.

ಈ ತಪ್ಪು ಎಣಿಕೆ ಹುಟ್ಟುವುದಕ್ಕೆ ಕಾರಣವಿದೆ. ಆಗಮದಲ್ಲಿ ಹೇಳಿದ ಆರು ಬಾಹ್ಯ ತಪಗಳನ್ನೂ ಖಿನ್ನತೆಯ ಲಕ್ಷಣಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಅನಶನದಲ್ಲಿ ತಪಸ್ವಿಯು ಉಣ್ಣುವುದಿಲ್ಲ. ಖಿನ್ನತೆಗೆ ಒಳಗಾದವಳೂ ಉಣ್ಣುವುದಿಲ್ಲ. ಅವಮೌದರ್ಯದಲ್ಲಿ ತುತ್ತುಗಳನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ಇವಳಿಗೂ ನಾಲ್ಕು ತುತ್ತಿಗೇ ಸಾಕಾಗುತ್ತದೆ. ರಸಪರಿತ್ಯಾಗದಲ್ಲಿ ಹಾಲು, ತುಪ್ಪ, ಸಿಹಿಗಳನ್ನು ಬಿಡುತ್ತಾರೆ. ಇವಳಿಗೆ ಯಾವ ರಸವೂ ರುಚಿಸದು. ವಿವಿಕ್ತ ಶಯ್ಯಾಸನದಲ್ಲಿ ಏಕಾಂತವನ್ನು ಆಶ್ರಯಿಸುತ್ತಾರೆ. ಇವಳೂ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊರಗಿನ ಕಣ್ಣಿಗೆ ಎರಡೂ ಒಂದೇ ರೀತಿಯಾಗಿ ತೋರುತ್ತವೆ. ಬಾಹ್ಯ ತಪಕ್ಕೆ ಬಾಹ್ಯವೆಂದು ಹೆಸರು ಬಂದಿರುವುದೇ ಅದು ಪರರಿಗೆ ಪ್ರತ್ಯಕ್ಷವಾಗಿ ಕಾಣುವಂಥದು ಎಂಬ ಕಾರಣದಿಂದ. ಅದರ ಬೆಲೆ ಇರುವುದು ಅಂತರಂಗದಲ್ಲಿ. ಅಂತರಂಗವನ್ನು ವಿಚಾರಿಸದೆ ಬಾಹ್ಯವನ್ನು ಮಾತ್ರ ನೋಡಿ ನಮಸ್ಕರಿಸುವವರು ತಪವನ್ನೂ ಅರಿತಂತಾಗುವುದಿಲ್ಲ, ತಪಸ್ವಿಯನ್ನೂ ಅರಿತಂತಾಗುವುದಿಲ್ಲ.

ಮನಸ್ಸಿನ ಈ ಕುಸಿತವು ಶಾಸ್ತ್ರಕಾರರಿಗೆ ಅಪರಿಚಿತವಾಗಿರಲಿಲ್ಲ. ಮೋಹನೀಯ ಕರ್ಮದ ನೋಕಷಾಯಗಳಲ್ಲಿ ಅರತಿ ಮತ್ತು ಶೋಕ ಎಂಬ ಎರಡನ್ನು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಇಷ್ಟವಾದದ್ದು ಅಗಲಿದಾಗ ಆಗುವ ಸಂತಾಪವು ಶೋಕ. ಹಿಂದೆ ಪ್ರಿಯವಾಗಿದ್ದ ವಿಷಯಗಳಲ್ಲಿಯೂ ಮನಸ್ಸು ನಿಲ್ಲದ ಬೇಸರವು ಅರತಿ. ಇಂದಿನ ವೈದ್ಯರು ಖಿನ್ನತೆಯ ಎರಡು ಮುಖ್ಯ ಲಕ್ಷಣಗಳೆಂದು ಹೇಳುವುದೂ ಇವನ್ನೇ: ದುಃಖದಿಂದ ಕುಗ್ಗಿದ ಮನಸ್ಸು ಮತ್ತು ಎಲ್ಲದರಲ್ಲಿಯೂ ಆಸಕ್ತಿ ಅಳಿಯುವುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಭಾಗಿಸಿದ್ದಾರೆ. ಅನಿಷ್ಟದ ಸಂಯೋಗದಿಂದ, ಇಷ್ಟದ ವಿಯೋಗದಿಂದ, ದೇಹದ ವೇದನೆಯಿಂದ, ಮುಂದಿನ ಭೋಗದ ನಿದಾನದಿಂದ ಮನಸ್ಸು ಒಂದೇ ಕಡೆ ಮತ್ತೆ ಮತ್ತೆ ತಿರುಗುತ್ತಿರುವುದು ಆರ್ತ. ವಯಸ್ಸಾದ ವಿಧವೆಯೊಬ್ಬಳಲ್ಲಿ ಮೊದಲ ಮೂರೂ ಒಟ್ಟಿಗೆ ಕೂಡಿಬರುವುದುಂಟು: ಪತಿಯ ವಿಯೋಗ, ಒಂಟಿಮನೆಯ ಅನಿಷ್ಟ, ಮೊಣಕಾಲಿನ ಹಾಗೂ ಬೆನ್ನಿನ ನೋವು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತು ಬರುತ್ತದೆ. ಅದರ ಕಡೆಗೆ ಸಾಕಷ್ಟು ಲಕ್ಷ್ಯ ಹೋಗಿಲ್ಲ. ಆರ್ತಧ್ಯಾನವು ಯಾರಿಗೆ ಸಂಭವಿಸುತ್ತದೆಯೆಂದು ಹೇಳುವಾಗ ಅವಿರತರನ್ನು ಮಾತ್ರವಲ್ಲದೆ ದೇಶವ್ರತಿಗಳನ್ನೂ, ಪ್ರಮತ್ತಸಂಯತರಾದ ಮುನಿಗಳನ್ನೂ ಆಚಾರ್ಯರು ಸೇರಿಸಿದ್ದಾರೆ. ಮುನಿಗಳ ವಿಷಯದಲ್ಲಿ ನಿದಾನವೊಂದನ್ನು ಬಿಟ್ಟು ಉಳಿದ ಮೂರೂ ಸಂಭವಿಸಬಹುದೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮಹಾವ್ರತಧಾರಿಗೂ ಸಂಭವಿಸಬಹುದಾದ ಮನಃಸ್ಥಿತಿಯು ಅಣುವ್ರತಿಯಾದ ಶ್ರಾವಿಕೆಗೆ ಬಂದರೆ ಅವಳ ಶ್ರದ್ಧೆ ಸಡಿಲವಾಯಿತೆಂದು ಹೇಗೆ ಹೇಳಬಹುದು? "ಇಷ್ಟು ಪೂಜೆ ಮಾಡುವವಳಿಗೆ ಇದೇಕೆ ಬಂತು? ಮನಸ್ಸಿಟ್ಟು ಜಪ ಮಾಡಿದ್ದರೆ ಬರುತ್ತಿರಲಿಲ್ಲ" ಎಂಬ ಮಾತು ಮನೆಗಳಲ್ಲಿ ಕೇಳಿಬರುವುದುಂಟು. ಆ ಮಾತಿಗೆ ಆಗಮದ ಆಧಾರವಿಲ್ಲ. ಅದು ರೋಗಿಯ ಮೇಲೆ ಅಪರಾಧವನ್ನೂ ಹೊರಿಸುತ್ತದೆ.

ಇದು ವಿರಳವಾದ ಸಂಗತಿಯೇನೂ ಅಲ್ಲ. 2017–18ರಲ್ಲಿ ಭಾರತದಾದ್ಯಂತ ಹಿರಿಯರನ್ನು ಕುರಿತು ನಡೆದ ದೊಡ್ಡ ಸಮೀಕ್ಷೆಯಲ್ಲಿ, 60 ವರ್ಷ ದಾಟಿದವರಲ್ಲಿ ಶೇಕಡ 8.3ರಷ್ಟು ಮಂದಿಗೆ ತೀವ್ರ ಖಿನ್ನತೆಯ ಲಕ್ಷಣಗಳಿದ್ದುದು ಕಂಡುಬಂದಿತು. ಎಂದರೆ ಹೆಚ್ಚುಕಡಿಮೆ ಹನ್ನೆರಡು ಮಂದಿ ಹಿರಿಯರಲ್ಲಿ ಒಬ್ಬರಿಗೆ. ಜಗತ್ತಿನಾದ್ಯಂತ ಈ ರೋಗವು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ವೃದ್ಧರಲ್ಲಿ ಅದು ಅಳುವಿನ ರೂಪದಲ್ಲಿಯೇ ಬರಬೇಕೆಂದಿಲ್ಲ. ಮೈಕೈ ನೋವು, ತಲೆಭಾರ, ಹೊಟ್ಟೆಯುರಿ, ಮರೆವು, ಬೆಳಗಿನ ಜಾವಕ್ಕೆ ಮುಂಚೆಯೇ ನಿದ್ರೆ ಹರಿಯುವುದು, ಕೆಲಸದಲ್ಲಿ ನಿಧಾನ, ತಾನು ಎಲ್ಲರಿಗೂ ಹೊರೆಯಾದೆನೆಂಬ ಭಾವನೆ, ಹಳೆಯ ಸಣ್ಣ ತಪ್ಪುಗಳನ್ನು ನೆನೆದು ಕೊರಗುವುದು, ಸಾವನ್ನು ಬಯಸುವುದು – ಇವು ಎರಡು ವಾರಗಳಿಗೂ ಮೀರಿ ದಿನವೂ ಇದ್ದರೆ ವೈದ್ಯರ ಬಳಿಗೆ ಕರೆದೊಯ್ಯುವ ಕಾಲ ಬಂದಿದೆಯೆಂದೇ ತಿಳಿಯಬೇಕು. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಬಿ-12 ಜೀವಸತ್ತ್ವದ ಕೊರತೆಗಳೂ ಇಂಥದೇ ಲಕ್ಷಣಗಳನ್ನು ತೋರಬಲ್ಲವು. ಬಿ-12 ಸಸ್ಯಾಹಾರದಲ್ಲಿ ಮುಖ್ಯವಾಗಿ ಹಾಲು ಮೊಸರುಗಳಿಂದಲೇ ದೊರೆಯತಕ್ಕದ್ದು. ಹಾಲನ್ನೂ ಬಿಟ್ಟ ವೃದ್ಧೆಯ ವಿಷಯದಲ್ಲಿ ಈ ಪರೀಕ್ಷೆಯನ್ನು ಮರೆಯಬಾರದು.

ಹಾಗಾದರೆ ವ್ರತವನ್ನೂ ವಿಷಾದವನ್ನೂ ಬೇರ್ಪಡಿಸಿ ತಿಳಿಯುವ ಬಗೆ ಯಾವುದು? ಇದಕ್ಕೆ ಶಾಸ್ತ್ರದಲ್ಲಿಯೂ ಮನೆಯ ಅನುಭವದಲ್ಲಿಯೂ ಕೆಲವು ಗುರುತುಗಳು ದೊರೆಯುತ್ತವೆ. ಮೊದಲನೆಯದಾಗಿ, ವ್ರತಕ್ಕೆ ಸಂಕಲ್ಪವಿದೆ, ಅವಧಿಯಿದೆ, ಪಾರಣೆಯಿದೆ. ನೋಂಪಿ ಹಿಡಿದವಳು ಇಷ್ಟು ವರ್ಷ, ಇಷ್ಟು ದಿನ ಎಂದು ಎಣಿಸಿ ಹಿಡಿಯುತ್ತಾಳೆ. ಮರುದಿನದ ಪಾರಣೆಗೆ ಏನು ಅಡಿಗೆಯೆಂಬುದನ್ನೂ ತಾನೇ ಹೇಳುತ್ತಾಳೆ. ಉದ್ಯಾಪನೆಗೆ ಯಾರನ್ನು ಕರೆಯಬೇಕೆಂದು ಯೋಚಿಸುತ್ತಾಳೆ. ವಿಷಾದದಿಂದ ಉಣ್ಣದಿರುವವಳಿಗೆ ಅವಧಿಯೂ ಇಲ್ಲ, ಪಾರಣೆಯ ಮೇಲೆ ಮನಸ್ಸೂ ಇಲ್ಲ. ಎರಡನೆಯದಾಗಿ, ವ್ರತವಂತೆಗೆ ಸ್ವಾಧ್ಯಾಯದಲ್ಲಿಯೂ ಸಹಧರ್ಮಿಗಳ ಸಂಗದಲ್ಲಿಯೂ ಪ್ರೀತಿ ಹೆಚ್ಚುತ್ತದೆ. ಖಿನ್ನಳಾದವಳಿಗೆ ಗ್ರಂಥದ ಒಂದು ಪುಟವೂ ತಲೆಗೆ ಹತ್ತುವುದಿಲ್ಲ. ಬಸದಿಗೆ ಹೋಗುವುದೂ ಬೇಡವಾಗುತ್ತದೆ. ಮೂರನೆಯದಾಗಿ, ಆಲೋಚನೆ ಪ್ರತಿಕ್ರಮಣಗಳಲ್ಲಿ ದೋಷವನ್ನು ಒಪ್ಪಿಕೊಂಡ ಮೇಲೆ ಮನಸ್ಸು ಹಗುರವಾಗಬೇಕು. ಅದೇ ದೋಷವನ್ನು ಸಾವಿರ ಸಲ ಹೇಳಿಕೊಂಡರೂ ಭಾರವು ಇಳಿಯದೆ ಹೆಚ್ಚುತ್ತಲೇ ಹೋದರೆ ಅದನ್ನು ಪ್ರತಿಕ್ರಮಣವೆನ್ನಲಾಗದು. ನಾಲ್ಕನೆಯದಾಗಿ, ತಪದಲ್ಲಿ ಬಿಡುವವನು ಇಚ್ಛೆಯನ್ನು ಅರಿತು ತಡೆಯುತ್ತಾನೆ. ಖಿನ್ನತೆಯಲ್ಲಿ ತಡೆಯುವುದಕ್ಕೆ ಇಚ್ಛೆಯೇ ಉಳಿದಿರುವುದಿಲ್ಲ. ಬಿಡುವುದಕ್ಕೆ ಮೊದಲೇ ಅದು ಕೈಜಾರಿ ಹೋಗಿರುತ್ತದೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ದುಃಖವು ಅಸಾತಾವೇದನೀಯದ ಉದಯ. ಮಾಡಿದ ಕರ್ಮವನ್ನು ಭೋಗಿಸಿಯೇ ತೀರಿಸಬೇಕು. ಔಷಧದಿಂದ ಅದನ್ನು ತಡೆಯುವುದೇಕೆ? ಈ ವಾದವನ್ನು ಮುಂದಿಡುವವರು ಜ್ವರ ಬಂದಾಗಲೂ, ಕಾಲು ಮುರಿದಾಗಲೂ ಹೀಗೆಯೇ ನಡೆದುಕೊಳ್ಳುತ್ತಾರೆಯೇ ಎಂಬುದನ್ನು ಮೊದಲು ಯೋಚಿಸಬೇಕು. ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತವಾಗುತ್ತವೆಯೆಂಬುದು ಸಿದ್ಧಾಂತ. ಆಹಾರ, ಔಷಧ, ಅಭಯ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ಔಷಧವನ್ನು ಎಣಿಸಿದವರು ಕರ್ಮಸಿದ್ಧಾಂತವನ್ನು ಅರಿಯದವರಾಗಿರಲಿಲ್ಲ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದ ಮಾತು ಇಲ್ಲಿ ಇನ್ನೂ ಮುಖ್ಯವಾಗುತ್ತದೆ. ದುಃಖ, ಶೋಕ, ತಾಪ, ಆಕ್ರಂದನಾದಿಗಳನ್ನು ತನ್ನಲ್ಲಿ ಉಂಟುಮಾಡಿಕೊಂಡರೂ, ಪರರಲ್ಲಿ ಉಂಟುಮಾಡಿದರೂ ಅಸಾತಾವೇದನೀಯದ ಆಸ್ರವವಾಗುತ್ತದೆ. ಹಾಗಿರುವಾಗ ತಾಯಿಯ ಶೋಕವನ್ನು ಅವಳ ಕರ್ಮವೆಂದು ಹೇಳಿ ಅವಳನ್ನು ಒಂಟಿಯಾಗಿ ಬಿಟ್ಟ ಮಕ್ಕಳು ತಮ್ಮ ಲೆಕ್ಕವನ್ನೂ ನೋಡಿಕೊಳ್ಳಬೇಕಾಗುತ್ತದೆ.

ಈ ವಿಷಯದಲ್ಲಿ ಸಮಂತಭದ್ರಾಚಾರ್ಯರ ಚರಿತ್ರೆಯು ದೊಡ್ಡ ದೀಪವಾಗಿದೆ. ಅವರಿಗೆ ಭಸ್ಮಕವೆಂಬ ವ್ಯಾಧಿಯು ತಗುಲಿ, ಮುನಿಚರ್ಯೆಗೆ ತಕ್ಕ ಆಹಾರದಿಂದ ಅದು ಶಮನವಾಗದೆ ದೇಹವು ಬಳಲಿತೆಂದೂ, ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ ಪರಂಪರೆಯು ಹೇಳುತ್ತದೆ. ಗುರುಗಳು ಅನುಮತಿ ಕೊಡಲಿಲ್ಲ. ರೋಗವನ್ನು ಕಳೆದುಕೊಳ್ಳಬೇಕೆಂದೂ, ಅದಕ್ಕಾಗಿ ದೀಕ್ಷೆಯನ್ನೇ ಕೆಲಕಾಲ ಬದಿಗಿಡಬೇಕಾದರೆ ಹಾಗೆ ಮಾಡಿ, ಗುಣವಾದ ಮೇಲೆ ಮತ್ತೆ ಸ್ವೀಕರಿಸಬೇಕೆಂದೂ, ಧರ್ಮಕ್ಕೆ ಅವರಿಂದ ಇನ್ನೂ ಆಗಬೇಕಾದ ಕಾರ್ಯವಿದೆಯೆಂದೂ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ನಡೆದು, ಗುಣಹೊಂದಿ, ಮರಳಿ ದೀಕ್ಷೆ ಪಡೆದರು. ಗುರುವು ಅಂದು ಅನುಮತಿ ಕೊಟ್ಟಿದ್ದರೆ ಆ ಮಹಾ ಕವಿ ತಾರ್ಕಿಕನಿಂದ ಜಿನಶಾಸನಕ್ಕೆ ದೊರೆತದ್ದು ದೊರೆಯುತ್ತಿರಲಿಲ್ಲ. ಚಿಕಿತ್ಸೆಯುಳ್ಳ ರೋಗಕ್ಕೆ ಮೊದಲು ಚಿಕಿತ್ಸೆಯೆಂಬುದನ್ನು ಅಂದಿನ ಗುರುವು ಮುನಿಯ ವಿಷಯದಲ್ಲಿಯೇ ನಿರ್ಣಯಿಸಿದ್ದಾರೆ. ಗೃಹಸ್ಥೆಯಾದ ವೃದ್ಧೆಯ ವಿಷಯದಲ್ಲಿ ಬೇರೆ ನಿರ್ಣಯ ಇರಲಾರದು.

ಅದೇ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಸಲ್ಲೇಖನದ ವಿಧಿಯನ್ನು ಹೇಳಿದ್ದಾರೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ – ಇವು ಪ್ರತೀಕಾರವಿಲ್ಲದೆ ಬಂದಾಗ ಮಾತ್ರ ಧರ್ಮಕ್ಕಾಗಿ ದೇಹವನ್ನು ಬಿಡುವುದು ಅಲ್ಲಿ ವಿಹಿತವಾಗಿದೆ. ಅವರು ಹೇಳಿದ ಕ್ರಮವನ್ನು ಗಮನಿಸಬೇಕು. ಸ್ನೇಹ ವೈರಗಳನ್ನು ತೊರೆದು, ಬಂಧುಗಳಲ್ಲಿ ಕ್ಷಮೆ ಬೇಡಿ, ಅವರನ್ನು ಕ್ಷಮಿಸಿ, ಆ ಬಳಿಕ ಶೋಕ, ಭಯ, ಅವಸಾದ, ಅರತಿ ಮೊದಲಾದವನ್ನು ಬಿಟ್ಟು, ಉತ್ಸಾಹವನ್ನು ತಂದುಕೊಂಡು, ಶ್ರುತದಿಂದ ಮನಸ್ಸನ್ನು ಪ್ರಸನ್ನಗೊಳಿಸಿಕೊಳ್ಳಬೇಕು. ಆಹಾರವನ್ನು ಕ್ರಮಕ್ರಮವಾಗಿ ಕಡಿಮೆ ಮಾಡುವ ಮಾತು ಬರುವುದು ಇದಾದ ನಂತರ. ಶೋಕವನ್ನೂ ಅವಸಾದವನ್ನೂ ತುಂಬಿಕೊಂಡೇ ಅನ್ನ ಬಿಡುವವಳು ಈ ದಾರಿಯ ಮೊದಲ ಮೆಟ್ಟಿಲನ್ನೇ ಹತ್ತಿಲ್ಲವೆಂದಾಯಿತು. ಸಾವನ್ನು ಬಯಸುವುದೂ ಬದುಕನ್ನು ಬಯಸುವಂತೆಯೇ ಸಲ್ಲೇಖನಕ್ಕೆ ಅತಿಚಾರವೆಂದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಎಣಿಸುತ್ತದೆ. "ಬೇಗ ಹೋಗಿಬಿಟ್ಟರೆ ಸಾಕು" ಎನ್ನುವ ಮನಸ್ಸಿಗೆ ಆ ವ್ರತವನ್ನು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಈ ವಿವೇಕವನ್ನು ಕಾಪಾಡುವುದಕ್ಕೆ ಇಂದು ಇನ್ನೂ ಒಂದು ಕಾರಣವಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿ ತೀರ್ಪು ನೀಡಿತು. ದೇಶದಾದ್ಯಂತ ಜೈನ ಸಮಾಜವು ಅದನ್ನು ಪ್ರತಿಭಟಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಆಗ ಸಮಾಜವು ಮುಂದಿಟ್ಟ ವಾದವು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹೇಳಿದ್ದೇ: ರಾಗ ದ್ವೇಷ ಮೋಹಗಳಿಂದ ತನ್ನನ್ನು ಕೊಂದುಕೊಳ್ಳುವುದು ಆತ್ಮವಧೆ, ಸಲ್ಲೇಖನದಲ್ಲಿ ಅವು ಇಲ್ಲವಾದ್ದರಿಂದ ಅದು ಆತ್ಮವಧೆಯಲ್ಲ. ಈ ವಾದವು ಸತ್ಯವಾದದ್ದು. ಸತ್ಯವಾದದ್ದರಿಂದಲೇ ಅದು ವಾದಿಸಿದವರನ್ನೂ ಕಟ್ಟಿಹಾಕುತ್ತದೆ. ನ್ಯಾಯಾಲಯದ ಮುಂದೆ ಎಳೆದು ತೋರಿಸಿದ ಗೆರೆಯನ್ನು ಮನೆಯ ಒಳಗೂ ಉಳಿಸಿಕೊಳ್ಳಬೇಕು. ವಿಷಾದದಿಂದ ಅನ್ನ ಬಿಟ್ಟ ತಾಯಿಯನ್ನು ತಪಸ್ವಿನಿಯೆಂದು ಕರೆದು ಸುಮ್ಮನಾದರೆ ಆ ಗೆರೆಯನ್ನು ಸಮಾಜವೇ ಅಳಿಸಿದಂತಾಗುತ್ತದೆ.

ಇಲ್ಲಿ ಶ್ರವಣಬೆಳಗೊಳದ ಮಾಚಿಕಬ್ಬೆಯ ಪ್ರಸಂಗವನ್ನು ಕೆಲವರು ಎತ್ತಬಹುದು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ, ಆಕೆಯ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಒಂದು ತಿಂಗಳ ಅನಶನದಿಂದ ಸಮಾಧಿಯನ್ನು ಪಡೆದಳೆಂದು ಶಾಸನವು ತಿಳಿಸುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಶೋಕವೇ ಅಲ್ಲಿಯೂ ಕಾರಣವಲ್ಲವೇ? ಒಂಬೈನೂರು ವರ್ಷಗಳ ಹಿಂದಿನ ಆ ತಾಯಿಯ ಅಂತರಂಗವನ್ನು ಇಂದು ತೂಗಿ ನೋಡುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದರೆ ಶಾಸನವು ಏನನ್ನು ದಾಖಲೆ ಮಾಡಿದೆಯೆಂಬುದನ್ನು ನೋಡಬಹುದು. ಅವಳು ಬಂಧುಗಳನ್ನು ಬೀಳ್ಕೊಂಡ ಧೀರತೆ, ಪಂಚಪದಗಳ ಜಪ, ಜಿನಧ್ಯಾನ, ಮುನಿಗಳ ಸಾನ್ನಿಧ್ಯ – ಇವನ್ನು ಬರೆಸಿದ್ದಾರೆ. ದುಃಖದಲ್ಲಿದ್ದವಳು ಒಬ್ಬಳೇ ಕೋಣೆಯಲ್ಲಿ ಕುಳಿತು ಉಣ್ಣದೆ ಕರಗಿಹೋದಳೆಂದು ಬರೆಸಲಿಲ್ಲ. ನೋಡುವ ಕಣ್ಣುಗಳು, ಕೇಳುವ ಗುರುಗಳು, ಬೇಡವೆನ್ನಬಲ್ಲ ಬಂಧುಗಳು ಅವಳ ಸುತ್ತ ಇದ್ದರು. ಜಾವಳಿಯ ಮಳೆಯಲ್ಲಿ ಒಂಟಿಯಾಗಿ ಕುಳಿತವಳ ಸುತ್ತ ಇವರಲ್ಲಿ ಯಾರಿದ್ದಾರೆ?

ಇನ್ನೊಂದು ಉದಾಹರಣೆ ದಾನಚಿಂತಾಮಣಿ ಅತ್ತಿಮಬ್ಬೆಯದು. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ ಅವಳ ತಂಗಿಯೂ ಸವತಿಯೂ ಆದ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಬದುಕುವುದನ್ನು ಆರಿಸಿಕೊಂಡಳು. ಮಗನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ಅವಳ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ವೈಧವ್ಯದ ಶೋಕದಿಂದ ಹೊರಬರಲು ಬಿಡುವುದಕ್ಕಿಂತ ಕೊಡುವುದು ಹೆಚ್ಚಿನ ದಾರಿಯೆಂದು ಅವಳ ಬಾಳು ತೋರಿಸುತ್ತದೆ. ಆದರೂ ಒಂದು ಎಚ್ಚರಿಕೆ ಬೇಕು. ಕಾಲು ಮುರಿದವನಿಗೆ ಓಡುವವರ ಕಥೆ ಹೇಳುವಂತೆ, ಖಿನ್ನತೆಯಿಂದ ಹಾಸಿಗೆ ಹಿಡಿದವಳ ಮುಂದೆ ಅತ್ತಿಮಬ್ಬೆಯನ್ನು ಹೊಗಳುವುದು ಕ್ರೂರತೆಯಾಗುತ್ತದೆ. ಸೇವೆಯ ಉತ್ಸಾಹವು ಆರೋಗ್ಯ ಮರಳಿದಂತೆ ಮರಳುತ್ತದೆ; ಅದನ್ನು ಆರೋಗ್ಯಕ್ಕೆ ಮೊದಲೇ ಬೇಡಬಾರದು.

ಆದುದರಿಂದ ಮೊದಲ ಕರ್ತವ್ಯವು ಸುತ್ತಲಿನವರದು. ಅಂತರಂಗ ತಪಗಳಲ್ಲಿ ವೈಯಾವೃತ್ತ್ಯಕ್ಕೆ ಸ್ಥಾನವಿದೆ. ಅದು ಮುನಿಗಳ ಸೇವೆಯನ್ನು ಕುರಿತು ಹೇಳಿದ್ದಾದರೂ, ಮನೆಯ ವೃದ್ಧೆಯ ಪಕ್ಕದಲ್ಲಿ ಕುಳಿತು ಅವಳ ಮಾತನ್ನು ಕೇಳುವ ಸೊಸೆಯು ಆ ತಪದ ದಾರಿಯಲ್ಲಿಯೇ ಇದ್ದಾಳೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೆಂದರೆ ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು. ಉಪಗೂಹನವೆಂದರೆ ಪರರ ದೋಷವನ್ನು ಮರೆಮಾಡುವುದು. ಈ ಎರಡನೆಯ ಅಂಗವನ್ನು ತಪ್ಪಾಗಿ ತಿಳಿದು, ತಾಯಿಯ ಮನೋರೋಗವನ್ನು ಊರಿಗೆ ತಿಳಿಯದಂತೆ ಮುಚ್ಚಿಡುವ ಮನೆಗಳಿವೆ. ರೋಗವು ದೋಷವೇ ಅಲ್ಲದಿರುವಾಗ ಮುಚ್ಚುವುದೇನನ್ನು? ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಮುಚ್ಚಿಟ್ಟದ್ದನ್ನು ಉಪಗೂಹನವೆನ್ನುವುದು ಆ ಅಂಗಕ್ಕೆ ಮಾಡುವ ಅವಮಾನ.

ವ್ರತವನ್ನು ಕೊಡುವವರ ಹೊಣೆಯೂ ದೊಡ್ಡದು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಿದ್ದಾರೆ. ಶಕ್ತಿಯೆಂದರೆ ದೇಹಬಲದಂತೆಯೇ ಮನೋಬಲವೂ ಹೌದು. ವೃದ್ಧೆಯೊಬ್ಬಳು ಹೊಸ ನಿಯಮವನ್ನು ಬೇಡಿಬಂದಾಗ, ನಿದ್ರೆ ಹೇಗಿದೆ, ಯಾರೊಡನೆ ಇದ್ದೀರಿ, ಯಾವ ಔಷಧ ನಡೆಯುತ್ತಿದೆ, ಪಾರಣೆಗೆ ಮನಸ್ಸಿದೆಯೇ ಎಂದು ನಾಲ್ಕು ಮಾತು ಕೇಳಿ ಕೊಡುವುದು ಸರಿಯಾದ ಪದ್ಧತಿ. ಕೇಳಿದ ಮೇಲೆ ಸಂದೇಹ ಬಂದರೆ ಉಪವಾಸಕ್ಕೆ ಬದಲು, ದಿನಕ್ಕೊಂದು ಪುಟ ಸ್ವಾಧ್ಯಾಯ, ಒಬ್ಬ ಹುಡುಗಿಗೆ ಣಮೋಕಾರದ ಪಾಠ, ನೆರೆಮನೆಗೆ ದಿನವೂ ಒಂದು ಸಲ ಹೋಗಿಬರುವ ನಿಯಮವನ್ನು ಕೊಡಬಹುದು. ಹೀಗೆ ಮಾಡಿದರೆ ವ್ರತವೂ ಉಳಿಯುತ್ತದೆ, ವ್ರತಿಯೂ ಉಳಿಯುತ್ತಾಳೆ.

ಚಿಕಿತ್ಸೆಯ ವಿಷಯದಲ್ಲಿ ಮನೆಗಳಲ್ಲಿರುವ ಸಂಕೋಚಗಳಿಗೆ ಉತ್ತರವಿದೆ. ಖಿನ್ನತೆಯ ಔಷಧಗಳಲ್ಲಿ ಅನೇಕವನ್ನು ದಿನಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕಾಗುವುದರಿಂದ ಅನಸ್ತಮಿತ ನಿಯಮವುಳ್ಳವರು ಹಗಲಿನಲ್ಲಿಯೇ ಸೇವಿಸುವಂತೆ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬಹುದು. ಕ್ಯಾಪ್ಸೂಲುಗಳ ಹೊದಿಕೆಯನ್ನು ಬಹುಮಟ್ಟಿಗೆ ಪ್ರಾಣಿಜನ್ಯವಾದ ಜೆಲಟಿನ್‌ನಿಂದ ಮಾಡುತ್ತಾರೆ. ಅದು ಬೇಡವಾದವರು ಗುಳಿಗೆಯ ರೂಪದ ಔಷಧವನ್ನು ಕೇಳಬೇಕು. ಈ ಔಷಧಗಳ ಗುಣವು ಕಾಣಲು ಕೆಲವು ವಾರಗಳು ಬೇಕು. ಎಂಟು ದಿನಕ್ಕೆ ಫಲವಿಲ್ಲವೆಂದೋ, ಸ್ವಲ್ಪ ಗುಣವಾಯಿತೆಂದೋ ತಾವಾಗಿ ನಿಲ್ಲಿಸಬಾರದು. ಔಷಧದಷ್ಟೇ ಪ್ರಯೋಜನಕರವಾದ ಮಾತಿನ ಚಿಕಿತ್ಸೆಯೂ ಇದೆ. ನೀರನ್ನೂ ಬಿಡುವ ಉಪವಾಸವನ್ನು ಮಾಡುವವರು ತಾವು ಸೇವಿಸುವ ಔಷಧಗಳನ್ನು ವೈದ್ಯರಿಗೆ ತೋರಿಸಿಯೇ ಮಾಡಬೇಕು. ಸಕ್ಕರೆ ರೋಗದ ಔಷಧವು ಉಪವಾಸದ ದಿನ ಅಪಾಯ ತರಬಲ್ಲದು. ಮನೋರೋಗಕ್ಕೆ ಕೊಡುವ ಲಿಥಿಯಂ ಎಂಬ ಔಷಧವು ಮೈಯಲ್ಲಿ ನೀರು ಕಡಿಮೆಯಾದರೆ ವಿಷವಾಗುತ್ತದೆ. ಮಳೆಗಾಲದಲ್ಲಿ ಮೂಡಿಗೆರೆಗೆ ಹೋಗುವುದೂ ಕಷ್ಟವಾದಾಗ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ. ಸಾಯುವ ಮಾತು ಬಾಯಿಂದ ಬಂದ ದಿನ ಮಾತ್ರ ಕಾಯಬಾರದು. ಅಂದು ಆಕೆಯನ್ನು ಒಬ್ಬಳನ್ನೇ ಬಿಡದೆ, ಆಸ್ಪತ್ರೆಗೆ ಕರೆದೊಯ್ಯಬೇಕು.

ಇಷ್ಟೆಲ್ಲ ಹೇಳಿದುದರಿಂದ ವೃದ್ಧೆಯರ ಉಪವಾಸವೆಲ್ಲವೂ ರೋಗವೆಂದು ತಿಳಿಯಬಾರದು. ಎಂಬತ್ತರ ವಯಸ್ಸಿನಲ್ಲಿ ದಶಲಕ್ಷಣದ ಹತ್ತು ದಿನವೂ ಏಕಭುಕ್ತದಲ್ಲಿದ್ದು, ಸಂಜೆಯ ಪ್ರವಚನಕ್ಕೆ ಎಲ್ಲರಿಗಿಂತ ಮುಂಚೆ ಬಂದು ಕುಳಿತು, ಪಾರಣೆಯ ದಿನ ಮೊಮ್ಮಕ್ಕಳಿಗೆ ತಾನೇ ಬಡಿಸುವ ಅಜ್ಜಿಯರು ಸಮಾಜದ ಸಂಪತ್ತು. ಅವರ ಉಪವಾಸವನ್ನು ದೌರ್ಬಲ್ಯವೆಂದು ಜರೆಯುವ ವೈದ್ಯನಿದ್ದರೆ ಅವನೂ ಬಾಹ್ಯವನ್ನಷ್ಟೇ ನೋಡಿದವನು. ಪರೀಕ್ಷೆಯು ಎರಡೂ ಕಡೆಗೆ ಬೇಕು. ಅಂಥ ಅಜ್ಜಿಯರ ತಪಸ್ಸಿಗೆ ಗೌರವ ಉಳಿಯಬೇಕಾದರೂ, ಅದೇ ವೇಷದಲ್ಲಿ ಬರುವ ರೋಗವನ್ನು ಗುರುತಿಸುವ ಅಭ್ಯಾಸವು ಮನೆಗಳಿಗೆ ಬರಬೇಕು.

ಈ ಚಾತುರ್ಮಾಸದಲ್ಲಿ ಶ್ರಾವಕ ಕುಟುಂಬಗಳು ಒಂದು ಸಣ್ಣ ನಿಯಮವನ್ನು ಸ್ವೀಕರಿಸಬಹುದು. ಮನೆಯ ಹಿರಿಯ ಸ್ತ್ರೀಯು ತನಗೆ ಇಂದು ಉಪವಾಸವೆಂದಾಗ, ಯಾವ ವ್ರತವೆಂದೂ, ಪಾರಣೆ ಎಂದೆಂದೂ ಪ್ರೀತಿಯಿಂದ ಕೇಳುವುದು. ಪಾರಣೆಯ ದಿನ ಮನೆಯಲ್ಲಿದ್ದವರು ಅವಳೊಡನೆ ಕುಳಿತು ಉಣ್ಣುವುದು. ದೂರದಲ್ಲಿರುವ ಮಕ್ಕಳು ಅಂದು ತಪ್ಪದೆ ಮಾತನಾಡಿ, ಸಾಧ್ಯವಾದಾಗ ಬಂದುಹೋಗುವುದು. ಪಾರಣೆ ಎಂದೆಂಬ ಪ್ರಶ್ನೆಗೆ ಉತ್ತರ ಬಾರದಿದ್ದರೆ, ಅಂದೇ ಅವಳ ಪಕ್ಕದಲ್ಲಿ ಕುಳಿತುಕೊಳ್ಳಬೇಕು.